ಹೊಸ ಗ್ಲೇಜ್: ಮೊದಲು ಬಿಲ್ಲೆಯ ಮೇಲೆ, ಆಮೇಲೆ ಬಟ್ಟಲಿನ ಮೇಲೆ

ಮಣ್ಣಿನ ಕೆಲಸ ಮಾಡುವ ಓದುಗರಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಗ್ಲೇಜನ್ನು, ಅಂದರೆ ಸುಟ್ಟ ಮಣ್ಣಿನ ಮೈಮೇಲೆ ಗಾಜಿನಂತೆ ಕರಗಿ ಕೂರುವ ಮೆರುಗನ್ನು ಕುರಿತವು. ಆದ್ದರಿಂದ ಆ ಪತ್ರಗಳಿಗೇ ಈ ಸಂಚಿಕೆಯ ಪುಟಗಳನ್ನು ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮನೆಯ ಹಿತ್ತಲಲ್ಲಿ ಒಂದು ಚಿಕ್ಕ ವಿದ್ಯುತ್ ಭಟ್ಟಿ ಇಟ್ಟುಕೊಂಡು ಎರಡು ವರ್ಷದಿಂದ ಬಟ್ಟಲು, ಲೋಟಗಳನ್ನು ಮಾಡುತ್ತಿದ್ದೇನೆ. ಫೆಲ್ಡ್‌ಸ್ಪಾರ್ ಎಂಬ ಕಲ್ಲಿನ ಪುಡಿ 40, ಬೆಣಚುಕಲ್ಲಿನ ಪುಡಿ 30, ವೈಟಿಂಗ್ ಎಂಬ ಸುಣ್ಣಕಲ್ಲಿನ ಪುಡಿ 20, ಚೈನಾ ಕ್ಲೇ ಎಂಬ ಬಿಳಿ ಜೇಡಿಮಣ್ಣು 10 ಭಾಗ, ಜೊತೆಗೆ ಐರನ್ ಆಕ್ಸೈಡ್ 1.5 ಭಾಗ ಎಂಬ ಪಾಕವನ್ನು ನೋಡಿ ತಪ್ಪದೆ ತೂಗಿ ಕಲಸಿದೆ. ಚಿತ್ರದಲ್ಲಿ ಅದು ಬಾಳೆಲೆಯ ಹಿಂಬದಿಯಂತೆ ತಿಳಿಹಸಿರಾಗಿತ್ತು. 1,230 ಡಿಗ್ರಿಯಲ್ಲಿ ಸುಟ್ಟ ನನ್ನ ಆರು ಬಟ್ಟಲುಗಳೂ ಒರಟಾಗಿ, ಮಾಸಿದ ಹಳದಿಯಾಗಿ ಹೊರಬಂದವು. ನನ್ನ ತಪ್ಪು ಎಲ್ಲಿದೆ? (ಮೈಸೂರಿನ ಓದುಗರು)

ಉತ್ತರ: ತಮ್ಮ ಅಳತೆಯಲ್ಲಿ ತಪ್ಪಿಲ್ಲ, ಪಾಕದಲ್ಲಿಯೂ ತಪ್ಪಿಲ್ಲ. 40, 30, 20, 10 ಎಂಬುದು ಸ್ಟೋನ್‌ವೇರ್, ಅಂದರೆ ಹೆಚ್ಚು ಶಾಖದಲ್ಲಿ ಸುಟ್ಟು ಕಲ್ಲಿನಂತೆ ಗಟ್ಟಿಯಾಗುವ ಪಾತ್ರೆಗಳ ಕೆಲಸದವರೆಲ್ಲ ಬಲ್ಲ ಹಳೆಯ ಪಾಕ. ಆದರೆ ಅದು ಹುಟ್ಟಿದ್ದು ಬೇರೆ ಭಟ್ಟಿಗಾಗಿ, ಬೇರೆ ಶಾಖಕ್ಕಾಗಿ. ಅದು ತಮ್ಮ ಭಟ್ಟಿಗೆ ಎರಡು ಕಾರಣಗಳಿಂದ ಹೊಂದಲಿಲ್ಲ.

ಮೊದಲನೆಯದು ಶಾಖ. ಗ್ಲೇಜಿನಲ್ಲಿ ಗಾಜಾಗುವ ವಸ್ತು ಸಿಲಿಕಾ. ತಮ್ಮ ಬೆಣಚುಕಲ್ಲಿನ ಪುಡಿ ಬಹುಮಟ್ಟಿಗೆ ಅದೇ. ಅದೊಂದೇ ಇದ್ದರೆ 1,700 ಡಿಗ್ರಿ ದಾಟದೆ ಕರಗುವುದಿಲ್ಲ. ಫೆಲ್ಡ್‌ಸ್ಪಾರಿನ ಪೊಟ್ಯಾಶ್, ವೈಟಿಂಗಿನ ಸುಣ್ಣ ಇವೆರಡೂ ಸೇರಿ ಅದನ್ನು ಕಡಿಮೆ ಶಾಖದಲ್ಲಿ ಕರಗಿಸುತ್ತವೆ, ಚೈನಾ ಕ್ಲೇ ಕೊಡುವ ಅಲ್ಯೂಮಿನಾ ಆ ಕರಗಿದ ಗಾಜು ಗೋಡೆಯಿಂದ ಜಾರಿ ಇಳಿಯದಂತೆ ಹಿಡಿದಿಡುತ್ತದೆ. ತಮ್ಮ ಪಾಕದಲ್ಲಿ ಈ ನಾಲ್ವರ ಪ್ರಮಾಣ ಹೊಂದಿರುವುದು ಸುಮಾರು 1,280ರಿಂದ 1,300 ಡಿಗ್ರಿಗೆ, ಅಂದರೆ ಕೋನ್ 10ಕ್ಕೆ (ಕೋನ್ ಎಂದರೆ ಭಟ್ಟಿಯಲ್ಲಿಟ್ಟಾಗ ಗೊತ್ತಾದ ಶಾಖಕ್ಕೆ ಬಾಗುವ ಸಣ್ಣ ಗೋಪುರ, ಸಂಖ್ಯೆ ಆ ಶಾಖದ ಗುರುತು). 1,230ರಲ್ಲಿ ಅದು ಅರೆಬೆಂದ ಅನ್ನದಂತೆ ಉಳಿಯುತ್ತದೆ. ಬೆರಳಾಡಿಸಿದಾಗ ತಗಲುವ ಒರಟು ಅದರದೇ ಗುರುತು.

ಎರಡನೆಯದು ಗಾಳಿ. ಅದೇ ಒಂದೂವರೆ ಭಾಗ ಕಬ್ಬಿಣ, ಗ್ಯಾಸ್ ಅಥವಾ ಸೌದೆಯ ಭಟ್ಟಿಯಲ್ಲಿ ಗಾಳಿಯನ್ನು ಕಡಿಮೆ ಮಾಡಿ ಹೊಗೆ ಕಟ್ಟಿಸಿ ಸುಟ್ಟಾಗ, ತನ್ನಲ್ಲಿರುವ ಆಮ್ಲಜನಕದ ಒಂದು ಪಾಲನ್ನು ಬೆಂಕಿಗೆ ಬಿಟ್ಟುಕೊಟ್ಟು ಹಸಿರು ಅಥವಾ ನಸುನೀಲಿಯಾಗುತ್ತದೆ. ಚೀನಾ ಮತ್ತು ಕೊರಿಯಾದ ಸೆಲಡಾನ್ ಪಾತ್ರೆಗಳ ಹಸಿರು ಹುಟ್ಟಿದ್ದು ಹೀಗೆ. ವಿದ್ಯುತ್ ಭಟ್ಟಿಯೊಳಗೆ ಗಾಳಿಗೆ ಕೊರತೆಯಿಲ್ಲ. ಅಲ್ಲಿ ಅದೇ ಕಬ್ಬಿಣ ತುಕ್ಕಿನ ಸ್ವಭಾವದಲ್ಲಿಯೇ ಉಳಿದು ಹಳದಿ, ಜೇನು, ಹೆಚ್ಚಾದರೆ ಕಂದು ಬಣ್ಣ ಕೊಡುತ್ತದೆ. ಎಷ್ಟು ಸಲ ಸುಟ್ಟರೂ ತಮ್ಮ ಭಟ್ಟಿಯಲ್ಲಿ ಕಬ್ಬಿಣದಿಂದ ಆ ಹಸಿರು ಬಾರದು. ಆ ಬಣ್ಣಕ್ಕೆ ತಾವು ತಾಮ್ರದ ದಾರಿ ಹಿಡಿಯಬೇಕು.

ಈಗ ಪರೀಕ್ಷೆಯ ಮಾತು. ಮೊದಲು ತಮ್ಮ ಶಾಖಕ್ಕೆ ಕರಗುವ, ಬಣ್ಣವಿಲ್ಲದ ಒಂದು ಮೂಲ ಗ್ಲೇಜನ್ನು ಗಟ್ಟಿ ಮಾಡಿಕೊಳ್ಳಿ. ಕೋನ್ 6ಕ್ಕೆ, ಅಂದರೆ ಸುಮಾರು 1,220ರಿಂದ 1,240 ಡಿಗ್ರಿಗೆ, ಐದು ವಸ್ತುಗಳನ್ನು ಇಪ್ಪತ್ತಿಪ್ಪತ್ತು ಭಾಗ ಬೆರೆಸುವ ಪಾಕವೊಂದು ಬಳಕೆಯಲ್ಲಿದೆ: ಪೊಟ್ಯಾಶ್ ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಪುಡಿ, ಚೈನಾ ಕ್ಲೇ, ವೊಲಾಸ್ಟೊನೈಟ್ (ಸುಣ್ಣ, ಸಿಲಿಕಾ ಎರಡೂ ಇರುವ ಖನಿಜ) ಮತ್ತು ಬೋರಾನ್ ಇರುವ ಫ್ರಿಟ್, ಅಂದರೆ ಮೊದಲೇ ಕರಗಿಸಿ ಪುಡಿಮಾಡಿದ ಗಾಜು. ವೊಲಾಸ್ಟೊನೈಟ್ ನಮ್ಮ ರಾಜಸ್ಥಾನದ್ದೇ ಸಿಗುತ್ತದೆ. ತೊಡಕು ಇರುವುದು ಫ್ರಿಟ್ಟಿನಲ್ಲಿ. ಮೂಲ ಪಾಕದಲ್ಲಿ 3134 ಎಂಬ ಸಂಖ್ಯೆಯ ಅಮೆರಿಕದ ಫ್ರಿಟ್ ಇದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಫ್ರಿಟ್ಟುಗಳ ಸಂಖ್ಯೆಯೂ ಬೇರೆ, ಒಳಗಿನ ವಸ್ತುವೂ ಸ್ವಲ್ಪ ಬೇರೆ. ಕೊಳ್ಳುವಾಗ ಅದರಲ್ಲಿ ಬೋರಾನ್, ಸುಣ್ಣ, ಸೋಡಾ ಎಷ್ಟೆಷ್ಟಿವೆ, ಸೀಸವಿಲ್ಲವೇ ಎಂಬ ವಿವರದ ಹಾಳೆಯನ್ನು ಕೇಳಿ ಪಡೆಯಿರಿ. ಆ ಹಾಳೆ ಕೊಡದವರ ಬಳಿ ಊಟದ ಪಾತ್ರೆಗೆ ಬೇಕಾದ ಫ್ರಿಟ್ ಕೊಳ್ಳಬೇಡಿ.

ಬಟ್ಟಲುಗಳ ಮೇಲೆ ನೇರವಾಗಿ ಪರೀಕ್ಷಿಸಬೇಡಿ. ಆರು ಬಟ್ಟಲು ಹಾಳಾದದ್ದು ಹಾಗೆಯೇ. ತಾವು ಬಟ್ಟಲಿಗೆ ಬಳಸುವ ಮಣ್ಣಿನಿಂದಲೇ ನಾಲ್ಕು ಸೆಂಟಿಮೀಟರ್ ಅಗಲದ, ಎಂಟು ಸೆಂಟಿಮೀಟರ್ ಎತ್ತರದ, ಬುಡದಲ್ಲಿ ಮಡಚಿ ತಾನಾಗಿ ನಿಲ್ಲುವಂತಿರುವ ಐವತ್ತು ಬಿಲ್ಲೆಗಳನ್ನು ಒಂದೇ ದಿನ ಕೂತು ಮಾಡಿಟ್ಟುಕೊಳ್ಳಿ. ನಿಂತ ಬಿಲ್ಲೆಯಲ್ಲಿ ಗ್ಲೇಜು ಎಷ್ಟು ಇಳಿಯುತ್ತದೆ ಎಂಬುದು ಕಾಣುತ್ತದೆ, ಮಲಗಿಸಿದ ಬಿಲ್ಲೆಯಲ್ಲಿ ಕಾಣುವುದಿಲ್ಲ. ಹಸಿಯಿರುವಾಗಲೇ ಒಂದು ಬದಿಗೆ ಬಾಚಣಿಗೆಯಿಂದ ಗೀರುಗಳನ್ನೆಳೆದರೆ ಅಂಚಿನಲ್ಲಿ ಬಣ್ಣ ಹೇಗೆ ತೆಳುವಾಗುತ್ತದೆ ಎಂಬುದೂ ತಿಳಿಯುತ್ತದೆ. ಬಿಸ್ಕ್, ಅಂದರೆ ಗ್ಲೇಜಿಲ್ಲದೆ ಮೊದಲ ಸಲ, ಸುಟ್ಟ ಮೇಲೆ ಇಡೀ ಬಿಲ್ಲೆಯನ್ನು ಒಮ್ಮೆ ಅದ್ದಿ, ಆರಿದ ನಂತರ ಮೇಲಿನ ಅರ್ಧವನ್ನು ಇನ್ನೊಮ್ಮೆ ಅದ್ದಿ. ಒಂದೇ ಬಿಲ್ಲೆಯಲ್ಲಿ ಎರಡು ದಪ್ಪಗಳು ಸಿಗುತ್ತವೆ. ಹಿಂಬದಿಯಲ್ಲಿ ಸಂಖ್ಯೆ ಬರೆಯಲು ಪೆನ್ಸಿಲ್ ಬೇಡ, ಅದು ಸುಟ್ಟುಹೋಗುತ್ತದೆ. ಚಿಟಿಕೆ ಐರನ್ ಆಕ್ಸೈಡನ್ನು ನೀರಿನಲ್ಲಿ ಕಲಸಿ ಸಣ್ಣ ಕುಂಚದಿಂದ ಬರೆಯಿರಿ.

ಮೂಲ ಗ್ಲೇಜು ಸರಿಯಾಗಿ ಕರಗಿದೆ ಎಂದು ಖಚಿತವಾದ ಬಳಿಕ 200 ಗ್ರಾಂನ ಎರಡು ಡಬ್ಬಿ ಕಲಸಿ. ಮೊದಲನೆಯದು ಬರೀ ಮೂಲ ಗ್ಲೇಜು. ಎರಡನೆಯದಕ್ಕೆ ಕಾಪರ್ ಕಾರ್ಬೊನೇಟ್ 4 ಗ್ರಾಂ, ಅಂದರೆ ನೂರಕ್ಕೆ 2. ಎರಡನ್ನೂ 80 ಅಥವಾ 100 ಮೆಶ್ ಜರಡಿಯಲ್ಲಿ ಸೋಸಿ, 100 ಮಿಲಿಲೀಟರ್ ತೂಗಿದರೆ 145 ಗ್ರಾಂ ಬರುವಂತೆ ನೀರನ್ನು ಸರಿಪಡಿಸಿ. ಎರಡರ ಗಟ್ಟಿತನ ಒಂದೇ ಆದ ಮೇಲೆ ಮತ್ತೆ ತೂಗುವ ಕೆಲಸವಿಲ್ಲ. ಔಷಧದಂಗಡಿಯಲ್ಲಿ ಸಿಗುವ ಸೂಜಿಯಿಲ್ಲದ ಸಿರಿಂಜಿನಿಂದ ಮೊದಲನೆಯದು 8, ಎರಡನೆಯದು 2 ಮಿಲಿಲೀಟರ್. ಆಮೇಲೆ 6 ಮತ್ತು 4. ಹೀಗೆ ಮುಂದುವರಿದರೆ ತಾಮ್ರವಿಲ್ಲದ್ದು, 0.4, 0.8, 1.2, 1.6 ಮತ್ತು 2 ಭಾಗದ್ದು ಎಂದು ಆರು ಬಿಲ್ಲೆಗಳಾಗುತ್ತವೆ. ಈ ಸುತ್ತುದಾರಿ ಏಕೆಂದರೆ, 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ 0.4 ಗ್ರಾಂ ತಾಮ್ರವನ್ನು ನೇರವಾಗಿ ತೂಗಲು ಹೋದರೆ ತಕ್ಕಡಿಯ ಒಂದು ಅಂಕಿಯ ತಪ್ಪೇ ಕಾಲು ಭಾಗದಷ್ಟಾಗುತ್ತದೆ. 4 ಗ್ರಾಂ ತೂಗುವಾಗ ಅದೇ ತಪ್ಪು ಲೆಕ್ಕಕ್ಕೆ ಬರುವುದಿಲ್ಲ. ಆರು ಬಿಲ್ಲೆಗಳನ್ನು ಸಾಲಾಗಿಟ್ಟು ನೋಡಿದಾಗ ತಮಗೆ ಬೇಕಾದ ಹಸಿರು ಯಾವ ಎರಡರ ನಡುವೆ ಇದೆ ಎಂಬುದು ಕಣ್ಣಿಗೇ ತಿಳಿಯುತ್ತದೆ. ಬೋರಾನ್, ಸುಣ್ಣ ಇರುವ ಈ ಮೂಲದಲ್ಲಿ ತಾಮ್ರ ಹಸಿರಾಗಿ ಬರುತ್ತದೆ. ಸೆಲಡಾನ್‌ನ ಮಂಜಿನಂಥ ಆಳ ಅದಕ್ಕಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಆದರೆ ಅದು ತನ್ನಷ್ಟಕ್ಕೆ ಚೆಲುವಾದ ಹಸಿರು.

ಇನ್ನೊಂದು ಮಾತು. ಭಟ್ಟಿಯ ಪರದೆಯ ಮೇಲೆ ಕಾಣುವ ಡಿಗ್ರಿಯನ್ನು ಮಾತ್ರ ನಂಬಬೇಡಿ. ಬರ್ಲಿನ್‌ನ ಹರ್ಮನ್ ಸೇಗರ್ ಎಂಬ ರಸಾಯನತಜ್ಞ 1886ರಲ್ಲಿ ರೂಪಿಸಿದ ಕೋನ್‌ಗಳು ಇಂದಿಗೂ ಬಳಕೆಯಲ್ಲಿರುವುದು ಅವು ಗ್ಲೇಜಿನಂಥದೇ ವಸ್ತುವಿನಿಂದ ಆಗಿರುವುದರಿಂದ. ಶಾಖ ಎಷ್ಟು, ಅದು ಎಷ್ಟು ಹೊತ್ತು ತಗಲಿತು ಎಂಬ ಎರಡಕ್ಕೂ ಅವು ಒಟ್ಟಿಗೆ ಬಾಗುತ್ತವೆ. ಭಟ್ಟಿಯ ಮೇಲಿನ, ನಡುವಿನ, ಕೆಳಗಿನ ಹಲಗೆಗಳಲ್ಲಿ ಒಂದೊಂದು ಕೋನ್ ಇಟ್ಟು ಒಮ್ಮೆ ಸುಟ್ಟರೆ ತಮ್ಮ ಭಟ್ಟಿಯ ಯಾವ ಮೂಲೆ ತಣ್ಣಗಿದೆ ಎಂಬುದು ಮುಂದಿನ ವರ್ಷಗಳಿಗೆಲ್ಲ ತಿಳಿದುಹೋಗುತ್ತದೆ.

ಪ್ರಶ್ನೆ: ನಮ್ಮ ಬಚ್ಚಲೊಲೆಯಲ್ಲಿ ಕಾಫಿ ಗಿಡದ ಸವರಿದ ರೆಂಬೆ, ಸಿಲ್ವರ್ ಓಕ್ ಸೌದೆ ಉರಿಸುತ್ತೇವೆ. ಆ ಬೂದಿಯಿಂದ ಗ್ಲೇಜು ಮಾಡಬಹುದೆಂದು ಕೇಳಿದ್ದೇನೆ. 1,280 ಡಿಗ್ರಿ ಮುಟ್ಟುವ ಗ್ಯಾಸ್ ಭಟ್ಟಿ ಗೆಳೆಯರ ಬಳಿ ಇದೆ. ಎಲ್ಲಿಂದ ಶುರು ಮಾಡಲಿ? (ಮೂಡಿಗೆರೆಯ ಓದುಗರು)

ಉತ್ತರ: ಬಹಳ ಸಂತೋಷದಿಂದ ಈ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಹೆಚ್ಚು ಶಾಖದ ಗ್ಲೇಜುಗಳ ಮೂಲವೇ ಬೂದಿ. ಚೀನಾದಲ್ಲಿ ಶಾಂಗ್ ಅರಸರ ಕಾಲದಲ್ಲಿ, ಸುಮಾರು 3,500 ವರ್ಷಗಳ ಹಿಂದೆಯೇ, ಇಂಥ ಮೆರುಗಿನ ಪಾತ್ರೆಗಳಿದ್ದವು. ಭಟ್ಟಿಯಲ್ಲಿ ಹಾರಿದ ಬೂದಿ ಮಡಕೆಯ ಹೆಗಲ ಮೇಲೆ ಬಿದ್ದು ಕರಗಿ ಗಾಜಾಗುವುದನ್ನು ಸೌದೆ ಭಟ್ಟಿಯವರು ಈಗಲೂ ಪ್ರತಿ ಸುಡುವಿಕೆಯಲ್ಲೂ ಕಾಣುತ್ತಾರೆ. ಪುದುಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಕಟ್ಟಿದ ಗೋಲ್ಡನ್ ಬ್ರಿಜ್ ಪಾಟರಿಯಲ್ಲಿ ಕಲಿತು ಹೊರಬಂದವರ ಮೂಲಕ ಸೌದೆಯಲ್ಲಿ ಸ್ಟೋನ್‌ವೇರ್ ಸುಡುವ ವಿದ್ಯೆ ನಮ್ಮ ದೇಶದಲ್ಲಿ ಹಬ್ಬಿತು.

ಸೌದೆಯ ಬೂದಿಯಲ್ಲಿ ಮುಖ್ಯವಾಗಿ ಸುಣ್ಣ, ಸ್ವಲ್ಪ ಪೊಟ್ಯಾಶ್, ಇನ್ನೂ ಸ್ವಲ್ಪ ಮೆಗ್ನೀಷಿಯಂ, ಸಿಲಿಕಾ, ರಂಜಕ ಇರುತ್ತವೆ. ಭತ್ತದ ಹೊಟ್ಟಿನ ಬೂದಿಯನ್ನು ಇದರ ಜೊತೆ ಸೇರಿಸಿ ಲೆಕ್ಕ ಹಾಕಬೇಡಿ. ಅದು ಹೆಚ್ಚುಕಡಿಮೆ ಪೂರ್ತಿ ಸಿಲಿಕಾ, ಕರಗಿಸುವ ಬದಲು ಕರಗಿಸಲು ಇನ್ನೊಬ್ಬರನ್ನು ಕಾಯುವ ಬೂದಿ. ಒಲೆಗೆ ಪ್ಲಾಸ್ಟಿಕ್, ಬಣ್ಣ ಬಳಿದ ಮರ ಹಾಕದ ದಿನಗಳ ಬೂದಿಯನ್ನಷ್ಟೇ ಒಂದು ದೊಡ್ಡ ಡ್ರಮ್ಮಿನಲ್ಲಿ ಕೂಡಿಡಿ. ಒಂದು ತಿಂಗಳ ಬೂದಿಗೂ ಇನ್ನೊಂದು ತಿಂಗಳ ಬೂದಿಗೂ ಗುಣ ಬೇರೆಯಾಗಿರುವುದರಿಂದ, ಪರೀಕ್ಷೆ ಶುರು ಮಾಡುವ ಮೊದಲೇ ಒಂದು ವರ್ಷಕ್ಕಾಗುವಷ್ಟನ್ನು ಒಟ್ಟಿಗೆ ಬೆರೆಸಿಕೊಳ್ಳುವುದು ಒಳ್ಳೆಯದು. ನೀರು ಹಾಕಿ ಕಲಕಿ, ಇದ್ದಿಲ ಚೂರುಗಳನ್ನು ತೇಲಿಸಿ ತೆಗೆದು, ರಾತ್ರಿ ಬಿಟ್ಟು ಬೆಳಿಗ್ಗೆ ತಿಳಿನೀರನ್ನು ಬಗ್ಗಿಸಿ. ಎರಡು ಮೂರು ಸಲ ಹೀಗೆ ತೊಳೆದ ಬೂದಿ ಗ್ಲೇಜಿನ ಡಬ್ಬಿಯಲ್ಲಿ ಒಂದೇ ಸಮನಾಗಿರುತ್ತದೆ. ರಬ್ಬರ್ ಕೈಗವಸು ಹಾಕದೆ ಆ ನೀರಿಗೆ ಕೈಯಿಡಬೇಡಿ. ಹಿಂದೆ ಬಟ್ಟೆಯ ಕೊಳೆ ತೆಗೆಯುತ್ತಿದ್ದ ಬೂದಿನೀರಿನ ಕ್ಷಾರ ಅದು, ಚರ್ಮವನ್ನೂ ತಿನ್ನುತ್ತದೆ.

ಪರೀಕ್ಷೆಗೆ ರಂಗೋಲಿಯ ಚುಕ್ಕಿಗಳನ್ನು ನೆನೆಯಿರಿ. ಆರು ಚುಕ್ಕಿಯ ಸಾಲಿನಿಂದ ಒಂದಕ್ಕೆ ಇಳಿಸಿದರೆ ಒಟ್ಟು 21 ಚುಕ್ಕಿಗಳ ತ್ರಿಕೋನವಾಗುತ್ತದೆ. ಒಂದು ಮೂಲೆ ಬರೀ ಬೂದಿ, ಇನ್ನೊಂದು ಬರೀ ಫೆಲ್ಡ್‌ಸ್ಪಾರ್, ಮೂರನೆಯದು ಬರೀ ಜೇಡಿಮಣ್ಣು. ಪ್ರತಿ ಚುಕ್ಕಿಗೂ ಒಟ್ಟು ಐದು ಚಮಚ. ಒಂದು ಚುಕ್ಕಿಯಿಂದ ಪಕ್ಕದ ಚುಕ್ಕಿಗೆ ಹೋಗುವಾಗ ಒಂದರಲ್ಲಿ ಒಂದು ಚಮಚ ಕಡಿಮೆ, ಇನ್ನೊಂದರಲ್ಲಿ ಒಂದು ಚಮಚ ಹೆಚ್ಚು. ಮೂರನ್ನೂ ಮೊದಲೇ ನೀರಿನಲ್ಲಿ ಒಂದೇ ಗಟ್ಟಿತನಕ್ಕೆ ಕಲಸಿಟ್ಟುಕೊಂಡಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಈ ತ್ರಿಕೋನದೊಳಗೆ ಬೂದಿ ಎರಡು, ಫೆಲ್ಡ್‌ಸ್ಪಾರ್ ಎರಡು, ಮಣ್ಣು ಒಂದು ಎಂಬ ಚುಕ್ಕಿ ಇದೆ. 40, 40, 20 ಎಂದು ಕುಂಬಾರರು ತಲೆಮಾರುಗಳಿಂದ ನಂಬಿರುವ ಬೂದಿ ಗ್ಲೇಜು ಅದೇ. ತಮ್ಮ ಬೂದಿಯಲ್ಲಿ ಒಳ್ಳೆಯ ಫಲ ಆ ಚುಕ್ಕಿಯ ಮೇಲೆಯೇ ಬರಬಹುದು, ಅಥವಾ ಅದರ ಪಕ್ಕದ್ದರಲ್ಲಿ ಬರಬಹುದು. ಬೂದಿ ಹೆಚ್ಚಿರುವ ಬಿಲ್ಲೆಗಳು ಮಳೆ ಹನಿ ಗಾಜಿನ ಮೇಲೆ ಇಳಿದಂತೆ ಸಾಲುಸಾಲಾಗಿ ಹರಿಯುತ್ತವೆ, ಆದ್ದರಿಂದ ಪ್ರತಿ ಬಿಲ್ಲೆಯ ಕೆಳಗೂ ಬಿಸ್ಕ್ ಸುಟ್ಟ ಮಣ್ಣಿನ ಒಂದು ಚಿಕ್ಕ ತಟ್ಟೆಯನ್ನಿಡಿ. ಗೆಳೆಯರ ಭಟ್ಟಿಯ ಹಲಗೆ ಹಾಳಾದರೆ ಎರಡನೆಯ ಪರೀಕ್ಷೆಗೆ ಅವಕಾಶ ಸಿಗುವುದು ಕಷ್ಟ.

ಜೇಡಿಮಣ್ಣಿನ ಮೂಲೆಗೆ ಚೈನಾ ಕ್ಲೇ ಹಾಕಿದರೆ ತಿಳಿ ಬಣ್ಣ, ತಮ್ಮ ತೋಟದ ಕೆಮ್ಮಣ್ಣನ್ನು ಸೋಸಿ ಹಾಕಿದರೆ ಅದರ ಕಬ್ಬಿಣದಿಂದ ಹಸಿರು ಅಥವಾ ಕಂದು ಬರುತ್ತದೆ. ಎರಡು ತ್ರಿಕೋನಗಳನ್ನು ಮಾಡುವಷ್ಟು ಬಿಲ್ಲೆಗಳಿದ್ದರೆ ಎರಡನ್ನೂ ಮಾಡಿ.

ಪ್ರಶ್ನೆ: ಮೂರು ವರ್ಷ ಚೆನ್ನಾಗಿ ಬರುತ್ತಿದ್ದ ಪಾರದರ್ಶಕ ಗ್ಲೇಜು ಈಗ ಹರಿದು ಹಲಗೆಗೆ ಅಂಟುತ್ತಿದೆ. ಪಾಕ ಅದೇ, ಭಟ್ಟಿಯೂ ಅದೇ. (ಧಾರವಾಡದ ಓದುಗರು)

ಉತ್ತರ: ಇದೇ ಕಷ್ಟ ನನಗೂ ಬಂದಿತ್ತು. ಹೊಸ ಚೀಲದ ಫೆಲ್ಡ್‌ಸ್ಪಾರ್ ಒಡೆದು, ಪರೀಕ್ಷಿಸದೆ ನೇರವಾಗಿ ಕಲಸಿ, ಒಬ್ಬರ ಮದುವೆಗೆಂದು ಮಾಡಿದ ಹದಿನೆಂಟು ಲೋಟಗಳಿಗೆ ಬಳಿದೆ. ಭಟ್ಟಿ ತೆರೆದಾಗ ಪ್ರತಿ ಲೋಟದ ಬುಡದಲ್ಲೂ ಗಾಜಿನ ಒಂದು ಉಂಗುರ ಹಲಗೆಯನ್ನು ಕಚ್ಚಿಕೊಂಡಿತ್ತು, ಗೋಡೆಗಳ ತುಂಬ ಜೇಡರ ಬಲೆಯಂಥ ಬಿರುಕು. ಚೀಲದ ಮೇಲೆ ಪೊಟ್ಯಾಶ್ ಎಂದೇ ಬರೆದಿತ್ತು. ಹಳೆಯ ಚೀಲದ ತಳದಲ್ಲಿ ಉಳಿದಿದ್ದ ಒಂದು ಬೊಗಸೆಯನ್ನೂ ಹೊಸದನ್ನೂ ಎರಡು ಬಿಲ್ಲೆಗಳ ಮೇಲೆ ಪಕ್ಕಪಕ್ಕ ಸುಟ್ಟಾಗ ಸತ್ಯ ತಿಳಿಯಿತು. ಹೊಸದು ಬೇಗ ನೀರಾಗುತ್ತಿತ್ತು, ಸೋಡಾ ಫೆಲ್ಡ್‌ಸ್ಪಾರಿನ ಗುಣವೇ ಹಾಗೆ. ಸುಟ್ಟ ಗ್ಲೇಜು ತಣ್ಣಗಾಗುವಾಗ ಅದನ್ನು ಸೋಡಾ ಹೆಚ್ಚು ಕುಗ್ಗಿಸುವುದರಿಂದ ಬಿರುಕೂ ಬರುತ್ತದೆ.

ಅಂದಿನಿಂದ ಯಾವ ಚೀಲ ಬಂದರೂ ಅದರ ಮೇಲೆ ತಾರೀಖು ಬರೆದು, ಹಳೆಯದರಿಂದ ಒಂದು ಡಬ್ಬಿಯಷ್ಟನ್ನು ತೆಗೆದಿಟ್ಟು, ಎರಡನ್ನೂ ಒಟ್ಟಿಗೆ ಬಿಲ್ಲೆಯ ಮೇಲೆ ಸುಟ್ಟ ನಂತರವೇ ಹೊಸದನ್ನು ಬಳಸುತ್ತೇನೆ. ತಾವು ಮೊದಲು ಒಂದು ಕೋನ್ ಇಟ್ಟು ಸುಡಿ. ಭಟ್ಟಿಯೊಳಗಿನ ಶಾಖ ಅಳೆಯುವ ಥರ್ಮೋಕಪಲ್ ಹಳತಾದಂತೆ ಇರುವುದಕ್ಕಿಂತ ಕಡಿಮೆ ಶಾಖ ತೋರಿಸುವುದು ಸಾಮಾನ್ಯ, ಆಗ ಭಟ್ಟಿ ಗೊತ್ತಿಲ್ಲದೆ ಹೆಚ್ಚು ಕಾಯುತ್ತದೆ. ಕೋನ್ ಸರಿಯಾಗಿ ಬಾಗಿದ್ದರೆ ದೋಷ ಚೀಲದ್ದು.

ಪ್ರಶ್ನೆ: ನಾನೇ ಮಾಡಿದ ಗ್ಲೇಜಿನ ಭರಣಿಯಲ್ಲಿ ಮಾವಿನಮಿಡಿ ಉಪ್ಪಿನಕಾಯಿ ಹಾಕಿಡಬಹುದೇ? ಒಳಗೆ ಹೊರಗೆ ಎರಡೂ ಕಡೆ ಕಡುಹಸಿರು ತಾಮ್ರದ ಗ್ಲೇಜಿದೆ, ತಾಮ್ರ ನೂರಕ್ಕೆ ಐದು. (ಉಡುಪಿಯ ಓದುಗರು)

ಉತ್ತರ: ಈ ಭರಣಿಯಲ್ಲಿ ಹಾಕಬೇಡಿ. ಉಪ್ಪಿನಕಾಯಿಗಿಂತ ಕಠಿಣವಾದ ಪರೀಕ್ಷೆ ಅಡುಗೆಮನೆಯಲ್ಲಿಲ್ಲ. ಹುಳಿ, ಉಪ್ಪು, ಎರಡೂ ಸೇರಿ ತಿಂಗಳುಗಟ್ಟಲೆ ಗ್ಲೇಜನ್ನು ಮುಟ್ಟಿಕೊಂಡೇ ಇರುತ್ತವೆ. ತಾಮ್ರ ಇಷ್ಟು ಹೆಚ್ಚಾದಾಗ ಗಾಜು ಅದನ್ನು ಪೂರ್ತಿ ಹಿಡಿದಿಟ್ಟುಕೊಳ್ಳದೆ ಹುಳಿಗೆ ಬಿಟ್ಟುಕೊಡುವ ಸಂಭವವೂ ಹೆಚ್ಚುತ್ತದೆ.

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಒಂದು ಭರಣಿ ಇದೆ, ಮೇಲರ್ಧ ಕಂದು, ಕೆಳಗೆ ಕೆನೆ ಬಣ್ಣ. ಒಳಗೆ ಬೆಳಕು ಬಿಟ್ಟು ನೋಡಿದರೆ ಬಣ್ಣವೇ ಇಲ್ಲದ, ನುಣುಪಾದ ತಿಳಿ ಗ್ಲೇಜು. ಆಹಾರ ಮುಟ್ಟುವ ಕಡೆ ಬಣ್ಣದ ಲೋಹವಿಲ್ಲದ ಗಟ್ಟಿ ಗ್ಲೇಜು, ಬಣ್ಣವೇನಿದ್ದರೂ ಹೊರಗೆ: ತಾವೂ ಹಾಗೆಯೇ ಮಾಡಿ.

ಆ ಒಳಗಿನ ಗ್ಲೇಜನ್ನೂ ಪರೀಕ್ಷಿಸಿ. ಪ್ರಯೋಗಾಲಯಗಳಲ್ಲಿ ನೂರಕ್ಕೆ 4ರ ಅಸೆಟಿಕ್ ಆಮ್ಲವನ್ನು ಪಾತ್ರೆಯಲ್ಲಿ ತುಂಬಿ, 22 ಡಿಗ್ರಿಯ ಆಸುಪಾಸಿನಲ್ಲಿ 24 ಗಂಟೆ ಬಿಟ್ಟು, ಆ ದ್ರವದಲ್ಲಿ ಸೀಸ ಮತ್ತು ಕ್ಯಾಡ್ಮಿಯಂ ಎಷ್ಟು ಇಳಿದಿದೆ ಎಂದು ಅಳೆಯುತ್ತಾರೆ. ಅಡುಗೆಯ ಬಿಳಿ ವಿನೆಗರ್ ಕೂಡ ಹೆಚ್ಚುಕಡಿಮೆ ಅಷ್ಟೇ ತೀಕ್ಷ್ಣವಾದ ಅಸೆಟಿಕ್ ಆಮ್ಲ. ಬಿಲ್ಲೆಯ ಅರ್ಧಭಾಗವನ್ನು ಅದರಲ್ಲಿ ಮೂರು ದಿನ ಮುಳುಗಿಸಿಟ್ಟು, ತೊಳೆದು ಒರೆಸಿ, ಕಿಟಕಿಯ ಬಳಿ ಓರೆಯಾಗಿ ಹಿಡಿದು ನೋಡಿ. ಮುಳುಗಿದ ಭಾಗದಲ್ಲಿ ಹೊಳಪು ಸ್ವಲ್ಪವೇ ಮಾಸಿದ್ದರೂ, ಬಣ್ಣದ ಗೆರೆ ಬಿದ್ದಿದ್ದರೂ ಆ ಗ್ಲೇಜು ಊಟಕ್ಕೆ ತಕ್ಕದ್ದಲ್ಲ. ಏನೂ ಬದಲಾಗದಿದ್ದರೆ ಅದು ಸುರಕ್ಷಿತವೆಂದು ಸಾಬೀತಾಯಿತೆಂದು ತಿಳಿಯಬಾರದು; ಕಣ್ಣಿಗೆ ಕಾಣದಷ್ಟು ಸೀಸ ಇಳಿದರೂ ಅದು ವಿಷವೇ. ಮಾರುವುದಕ್ಕೆ ಮಾಡುವುದಾದರೆ ಪ್ರಯೋಗಾಲಯದ ವರದಿ ಬೇಕೇ ಬೇಕು. ಸೀಸ, ಬೇರಿಯಂ ಇವೆರಡನ್ನೂ ಊಟದ ಪಾತ್ರೆಯ ಪಾಕದಿಂದ ಮೊದಲೇ ದೂರವಿಡಿ.

ಬಿರುಕಿನ ಪರೀಕ್ಷೆಯನ್ನೂ ಮರೆಯಬೇಡಿ. ಬಿಲ್ಲೆಯನ್ನು ಕುದಿಯುವ ನೀರಿನಲ್ಲಿ ಐದು ನಿಮಿಷವಿಟ್ಟು, ತಕ್ಷಣ ಮಂಜುಗಡ್ಡೆಯ ನೀರಿಗೆ ಹಾಕಿ. ಮೂರು ಸಲ ಹೀಗೆ ಮಾಡಿ ಮೇಲೆ ಕಪ್ಪು ಶಾಯಿ ಉಜ್ಜಿ ಒರೆಸಿದರೆ ಕಣ್ಣಿಗೆ ಕಾಣದ ಬಿರುಕುಗಳಲ್ಲಿ ಶಾಯಿ ಕೂರುತ್ತದೆ. ಬಿರುಕು ಬಿಟ್ಟಿದ್ದರೆ ಬೆಣಚುಕಲ್ಲಿನ ಪುಡಿಯನ್ನು ಎರಡೆರಡು ಭಾಗ ಹೆಚ್ಚಿಸುತ್ತ ಹತ್ತರವರೆಗೆ ಒಂದು ಸಾಲು ಬಿಲ್ಲೆಗಳನ್ನು ಮಾಡಿ ನೋಡಿ. ಆ ಪುಡಿಯನ್ನು ಒಣಗಿದಾಗ ಎಂದಿಗೂ ಗುಡಿಸಬೇಡಿ, ಒದ್ದೆಬಟ್ಟೆಯಿಂದ ಒರೆಸಿ; ತೂಗುವಾಗ ಎನ್-95 ಮುಖಗವಸು ಇರಲಿ. ಅದರ ದೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ.

ಪ್ರಶ್ನೆ: ನಮ್ಮದು ಕುಂಬಾರರ ಮನೆತನ. ತಿಗರಿಯ ಮೇಲೆ ಮಾಡಿ, ಬಯಲು ಆವಿಗೆಯಲ್ಲಿ ಸೌದೆ, ಹುಲ್ಲು ಒಟ್ಟಿ ಸುಡುತ್ತೇವೆ. ಪೇಟೆಯವರು ಮೆರುಗಿನ ಲೋಟ ಕೇಳುತ್ತಾರೆ. ಅಂಗಡಿಯಲ್ಲಿ ಸಿಕ್ಕ ಗ್ಲೇಜನ್ನು ಬಳಿದು ಸುಟ್ಟೆವು, ಸುಣ್ಣದ ಹಾಗೆ ಉದುರಿತು. (ಕೊಪ್ಪಳ ಜಿಲ್ಲೆಯ ಓದುಗರು)

ಉತ್ತರ: ಬಯಲು ಆವಿಗೆ ಸಾಮಾನ್ಯವಾಗಿ 700ರಿಂದ 900 ಡಿಗ್ರಿಯವರೆಗೆ ಕಾಯುತ್ತದೆ, ತಾವು ತಂದ ಗ್ಲೇಜು ಕರಗುವ ಶಾಖ ಅದಕ್ಕಿಂತ ಬಹಳ ಮೇಲಿದ್ದಿರಬೇಕು. ಅಷ್ಟು ಕಡಿಮೆ ಶಾಖದಲ್ಲಿ ಸುಲಭವಾಗಿ ಕರಗುವುದು ಸೀಸದ ಗ್ಲೇಜು. ಅದನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ದಯವಿಟ್ಟು ಮನೆಯೊಳಗೆ ತರಬೇಡಿ; ಕುಡಿಯುವವರಿಗಿಂತ ಮೊದಲು ಅದನ್ನು ಕಲಸುವ ತಮಗೂ, ಪಕ್ಕದಲ್ಲಿ ಆಡುವ ಮಕ್ಕಳಿಗೂ ಅಪಾಯ.

ಮೆರುಗಿನ ಲೋಟವನ್ನೇ ಮಾಡಬೇಕೆಂದಿದ್ದರೆ 1,000ದಿಂದ 1,060 ಡಿಗ್ರಿ ಸಮನಾಗಿ ಕಾಯುವ, ಬೆಂಕಿ ಪಾತ್ರೆಗೆ ನೇರವಾಗಿ ತಗಲದ ಮುಚ್ಚಿದ ಭಟ್ಟಿ ಬೇಕು, ಸೀಸವಿಲ್ಲದ ಬೋರಾನ್ ಫ್ರಿಟ್ ಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆಯಿದೆ. ಭಟ್ಟಿ ಕಟ್ಟಿಸಲು ಹಣ ಹಾಕುವ ಮೊದಲು ಅಲ್ಲಿ ಹೋಗಿ ವಿಚಾರಿಸಿ. ಹೋಗುವಾಗ ತಮ್ಮ ಕೆರೆಯ ಮಣ್ಣಿನಿಂದ ಮಾಡಿ ಸುಟ್ಟ ಇಪ್ಪತ್ತು ಬಿಲ್ಲೆಗಳನ್ನು ಜೊತೆಗೊಯ್ಯಿರಿ. ಬೇರೆ ಮಣ್ಣಿನ ಮೇಲೆ ಚೆನ್ನಾಗಿ ಬಂದ ಗ್ಲೇಜು ತಮ್ಮ ಮಣ್ಣಿನ ಮೇಲೆ ಬಿರುಕು ಬಿಡಬಹುದು, ಸಿಪ್ಪೆಯಂತೆ ಏಳಬಹುದು. ಅಲ್ಲಿನ ಗ್ಲೇಜನ್ನು ತಮ್ಮ ಮಣ್ಣಿನ ಮೇಲೆಯೇ ಸುಟ್ಟು ನೋಡಿದರೆ ಮುಂದಿನ ಖರ್ಚು ಮಾಡಬೇಕೋ ಬೇಡವೋ ಎಂಬುದು ಊರಿಗೆ ಮರಳುವ ಮೊದಲೇ ತಿಳಿಯುತ್ತದೆ.

ಅಲ್ಲಿಯವರೆಗೆ ಕೆಮ್ಮಣ್ಣಿನ ತಿಳಿಯನ್ನು ಬಳಿದು, ಅರೆ ಒಣಗಿದಾಗ ನುಣುಪುಗಲ್ಲಿನಿಂದ ಉಜ್ಜಿ ಹೊಳಪು ತರುವ ತಮ್ಮ ಮನೆತನದ ಕೆಲಸವನ್ನು ಬಿಡಬೇಡಿ. ಗ್ಲೇಜಿಲ್ಲದ ಆ ಹೂಜಿಯ ಮೈಯಿಂದ ನೀರು ಬೆವರಿ ಆರುವುದರಿಂದಲೇ ಒಳಗಿನ ನೀರು ತಣ್ಣಗಾಗುತ್ತದೆ. ಗ್ಲೇಜು ಬಳಿದ ಹೂಜಿಗೆ ಆ ಗುಣವಿಲ್ಲ ಎಂಬುದನ್ನು ಪೇಟೆಯ ಗಿರಾಕಿಗಳಿಗೆ ತಾವೇ ಹೇಳಿ.